ಮೊಲ್ಲೆ ಚಪ್ಪರದ ಬುಡದ ಬಿರುಕು

ಮಾರ್ಚ್ 9, ಭಾನುವಾರ

ಅದಕ್ಕೇ ಹೇಳಿದ್ದು, ನಾನು ನೀರು ಹಾಕುವುದಿಲ್ಲ ಅಂತ. ನಿನ್ನೆ ಇದನ್ನು ಬರೆಯುತ್ತಿರುವಾಗಲೇ ನಲ್ಲಿ ಬಂತು, ಎದ್ದು ಹೋದೆ, ಮಾತು ಅರ್ಧಕ್ಕೆ ನಿಂತಿತು. ವಾರಕ್ಕೊಮ್ಮೆ ಬರುವ ನೀರು. ಕುಡಿಯೋಣವೇ, ಮೈ ತೊಳೆಯೋಣವೇ, ಗಿಡಕ್ಕೆ ಸುರಿಯೋಣವೇ? ಸುರಿಯುತ್ತಿದ್ದವಳು ಹೋದಳು.

ನನ್ನ ಹೆಂಡತಿ ಮರಗದಂ ಇದ್ದಾಗ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಕೊನೆಗೆ ನಾನು ಬಾಯಿ ಮುಕ್ಕಳಿಸಿದ ನೀರು ಕೂಡ ಲೆಕ್ಕಕ್ಕೆ ಬರುತ್ತಿತ್ತು. "ಎನ್ನಂಗ, ಆ ಕಡೆ ಉಗೀಬೇಡಿ, ಈ ಕಡೆ ಉಗೀರಿ" ಅನ್ನುತ್ತಿದ್ದಳು. ಆ ಕಡೆ ಕರಿಬೇವಂತೆ, ಈ ಕಡೆ ಕನಕಾಂಬರವಂತೆ. ಕನಕಾಂಬರಕ್ಕೆ ನನ್ನ ಎಂಜಲು ಪರವಾಗಿಲ್ಲವಂತೆ.

ದೀಪಾವಳಿ ಕಳೆದು ಅವಳು ತೀರಿಹೋದ ಮೇಲೆ ನಾನು ಒಂದು ಚೊಂಬು ನೀರೂ ಹಾಕಿಲ್ಲ. ಹಾಗಿದ್ದೂ ಬೇಲಿಯ ಪಕ್ಕದ ಬೇವು ಹೂಬಿಟ್ಟು ಅಂಗಳವೆಲ್ಲ ಹಿಟ್ಟು ಉದುರಿಸಿದ ಹಾಗೆ ಮಾಡಿಟ್ಟಿದೆ. ನುಗ್ಗೆ ಮೈತುಂಬ ಬಿಳಿ. ಮೊಲ್ಲೆ ಚಪ್ಪರದಲ್ಲಿ ಒಣಗಿದ ಎಲೆಗಳ ನಡುವೆ ಅಕ್ಕಿ ಕಾಳಿನಷ್ಟು ಮೊಗ್ಗು. ಯಾರು ಕೇಳಿದ್ದರು ಇವನ್ನೆಲ್ಲ? ಹೀಗೆ ಹೊತ್ತುಗೊತ್ತು ನೋಡದೆ ಕುಣಿಯುವುದಕ್ಕೆ ನಮ್ಮ ಇಂಗ್ಲಿಷ್ ಮೇಷ್ಟರು ಒಂದು ಪದ ಹೇಳುತ್ತಿದ್ದರು. ಶೇಮ್‌ಲೆಸ್ ಅಲ್ಲ, ಅದಕ್ಕಿಂತ ಉದ್ದದ್ದು. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವನಿಗೆ ಎಲ್ಲ ಪದಗಳೂ ಅರ್ಧರ್ಧ.

ಚಲಪತಿ ಮತ್ತೆ ಫೋನ್ ಮಾಡಿದ್ದ. ತಮ್ಮ. ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. "ಅಣ್ಣಾ, ಆ ಲೈನ್ ಮನೇಲಿ ಒಬ್ನೇ ಏನ್ ಗೋಡೆ ನೋಡ್ಕೊಂಡಿದ್ದೀಯಾ, ಬಂದ್ಬುಡು ಇಲ್ಲಿಗೆ" ಅಂದ. ನೋಡೋಣ ಅಂದೆ. ಬಿಟ್ಟುಹೋಗುವುದಕ್ಕೆ ಒಂದು ಕಾರಣ ಬೇಕಲ್ಲ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಉಗುಳಲು ಹೋದಾಗ ಕಂಡಿತು. ಮೊಲ್ಲೆ ಚಪ್ಪರದ ಬುಡಕ್ಕೂ ಪಕ್ಕದ ಪುಷ್ಪಳ ಮನೆಯ ಗೋಡೆಗೂ ನಡುವೆ ನೆಲ ಬಿರುಕು ಬಿಟ್ಟಿದೆ. ಮೂರು ಕವಲು, ಒಂದೊಂದೂ ಗೇಣುದ್ದ. ಮೂರೂ ಸೇರುವ ಕಡೆ ಮಣ್ಣು ಬೋರಲು ಹಾಕಿದ ತಟ್ಟೆಯ ಹಾಗೆ ಮೇಲೆದ್ದಿದೆ.

ಕುಸಿದಿದ್ದರೆ ಹೆಗ್ಗಣ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಕುಸಿದಿಲ್ಲ, ಉಬ್ಬಿದೆ.

ಉಬ್ಬುವ ನೆಲವನ್ನು ನಾನು ಬಲ್ಲೆ. ಗಣಿಯೊಳಗೆ ಮರದ ಕಂಬ, ತೊಲೆ ಕೊಟ್ಟು ಸೂರು ನಿಲ್ಲಿಸುವ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವನು. ಸೂರು ಬೀಳುವ ಮೊದಲು ಕಾಲ ಕೆಳಗಿನ ನೆಲ ಉಸಿರೆಳೆದುಕೊಂಡ ಹಾಗೆ ಉಬ್ಬುತ್ತದೆ. ಫ್ಲೋರ್ ಹೀವ್. ಶಿಫ್ಟು ಮುಗಿದ ಮೇಲೆ ಇಂಗ್ಲಿಷಿನಲ್ಲಿ ರಿಪೋರ್ಟು ಬರೆಯಬಲ್ಲ ಮೇಸ್ತ್ರಿ ನಾನೊಬ್ಬನೇ ಆಗಿದ್ದರಿಂದ ಇಂಥ ಪದಗಳು ಮಾತ್ರ ಪೂರ್ತಿ ನೆನಪಿವೆ. ಗ್ರೌಂಡ್ ಕಂಡಿಷನ್ ಫೇರ್. ನೋ ಮೂವ್‌ಮೆಂಟ್. ದಿನವೂ ಇಷ್ಟೇ ಬರೆದು ಸಹಿ ಹಾಕುತ್ತಿದ್ದೆ.

ಕೆಜಿಎಫ್‌ನ ಊರಿಗಾಂನಲ್ಲಿ ಗಣಿ ಕೂಲಿಗಳಿಗೆಂದು ಕಟ್ಟಿದ ಈ ಲೈನು ಮನೆಗಳ ಕೆಳಗೆ ಎಲ್ಲಿ ಏನು ತೋಡಿ ಬಿಟ್ಟಿದ್ದಾರೋ, ನಕ್ಷೆಯಲ್ಲಿರುವುದೆಷ್ಟು, ಇಲ್ಲದ್ದೆಷ್ಟು. ಗಣಿ ಮುಚ್ಚಿ ಇಷ್ಟು ವರ್ಷವಾಯಿತು. ಒಳಗೆಲ್ಲ ನೀರು. ಕೊಟ್ಟ ಮರ ಕೊಳೆಯದೆ ಇರುತ್ತದೆಯೇ?

ಒಂದು ಕೊಡ ನೀರು ತಂದು ಬಿರುಕಿಗೆ ಸುರಿದೆ. ಕೆಳಗೆ ಟೊಳ್ಳಿದ್ದರೆ ಕುಡಿಯುತ್ತದೆ, ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ. ಒಳಗೂ ಹೀಗೇ ನೋಡುತ್ತಿದ್ದೆವು. ಕುಡಿಯಿತು. ಗುಟುಕು ಗುಟುಕಾಗಿ, ಸದ್ದು ಮಾಡಿ ಕುಡಿಯಿತು.

ಮಾರ್ಚ್ 13

ಹಳೆಯ ಕಿಟಕಿಯ ಗಾಜು ಕೊಯ್ದು, ಎರಡು ಬೆರಳಗಲದ ಪಟ್ಟಿಯನ್ನು ಬಿರುಕಿಗೆ ಅಡ್ಡ ಇಟ್ಟು, ಎರಡೂ ತುದಿಗೆ ಕಲ್ಲು ಕೊಟ್ಟು ಸಿಮೆಂಟು ಮೆತ್ತಿದ್ದೇನೆ. ನೆಲ ಕೂದಲೆಳೆಯಷ್ಟು ಅಲುಗಿದರೂ ಗಾಜು ಹೇಳುತ್ತದೆ. ಮತ್ತೊಂದು ಕೊಡ ನೀರು ಸುರಿದೆ. ಅದನ್ನೂ ಕುಡಿಯಿತು.

ಗ್ರೌಂಡ್ ಕಂಡಿಷನ್ ಡೌಟ್‌ಫುಲ್.

ಮಾರ್ಚ್ 16, ಭಾನುವಾರ

ಗಾಜು ಒಡೆದಿದೆ. ಅಡ್ಡಡ್ಡಲಾಗಿ, ನೇರವಾಗಿ, ಯಾರೋ ಕೊಯ್ದ ಹಾಗೆ.

ಇನ್ನು ಹೇಳದೆ ಇರುವಂತಿಲ್ಲ. ಪುಷ್ಪಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಈ ಕಡೆ ಮೊಳೆ ಹೊಡೆದರೆ ಆ ಕಡೆ ಕ್ಯಾಲೆಂಡರು ಬೀಳುತ್ತದೆ. ಅವಳ ಗಂಡ ಸೆಲ್ವರಾಜ್ ವಾರವೆಲ್ಲ ಬೆಳಗಿನ ರೈಲಿಗೆ ಕೆಲಸಕ್ಕೆ ಹೋಗಿ ದೀಪ ಹಚ್ಚಿದ ಮೇಲೆ ಬರುವವನು, ಭಾನುವಾರ ಮಾತ್ರ ಸಿಗುತ್ತಾನೆ. ಬೇಲಿಯಾಚೆಯಿಂದ ಕೂಗಿ ಕರೆದೆ. ಇಬ್ಬರೂ ಬಂದರು. ಪುಷ್ಪ ಚಪ್ಪರದ ಕಡೆ ಹೆಜ್ಜೆ ಇಟ್ಟಳು.

"ಹತ್ತಿರ ಬರಬೇಡಮ್ಮ, ಅಲ್ಲೇ ನಿಲ್ಲು. ಎಷ್ಟು ಭಾರ ತಡೆಯುತ್ತೋ ಗೊತ್ತಿಲ್ಲ" ಅಂದೆ.

"ಅಯ್ಯೋ ಅಣ್ಣಾ, ನಾನೇನ್ ಅಷ್ಟ್ ದಪ್ಪಾನಾ?" ಅಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಹೇಳಿದೆ. ಉಬ್ಬು, ನೀರು ಕುಡಿದದ್ದು, ಗಾಜು. ಸೆಲ್ವರಾಜ್ ಪೂರ್ತಿ ಕೇಳಿದ. "ನೀವ್ ಸುಮ್ಮನೆ ಏಳೋರಲ್ಲ ಅಣ್ಣಾ. ನಮ್ಮಪ್ಪನ್ನ ಅವತ್ತು ಕೈ ಇಡ್ಕೊಂಡು ಎಳ್ಕೊಂಡ್ ಬಂದೋರು ನೀವು" ಅಂದ.

ಅದು ನಿಜ. ಅವನಪ್ಪ ನನ್ನ ಗ್ಯಾಂಗಿನಲ್ಲಿದ್ದ. ಊಟದ ಹೊತ್ತು. ಒಂದು ಕಂಬ ಕಿರ್ ಅಂತು, ನಾನು ಎಲ್ಲರನ್ನೂ ಎಬ್ಬಿಸಿ ಓಡಿಸಿದೆ, ಕೈ ತೊಳೆಯುವಷ್ಟು ಹೊತ್ತಿಗೆ ಸೂರು ಕೆಳಗಿತ್ತು. ಅವರ ಊಟದ ಡಬ್ಬಿಗಳು ಇವತ್ತಿಗೂ ಅಲ್ಲೇ ಇವೆ. ಆವತ್ತಿನಿಂದ ಆ ಮನೆಯಲ್ಲಿ ನೆಲದ ವಿಷಯಕ್ಕೆ ನನ್ನ ಮಾತು ಅಂದರೆ ಮಾತು.

ಪುಷ್ಪ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. "ಏನಣ್ಣಾ ಇದು? ಸುಮಿತಾನ ಕರ್ಕೊಂಡ್ ಬರೋ ಟೈಮಲ್ಲಾ ಇದು?"

ಸುಮಿತಾ ಅವಳ ಒಬ್ಬಳೇ ಮಗಳು. ಬಂಗಾರಪೇಟೆಗೆ ಕೊಟ್ಟಿದ್ದಾರೆ, ಈಗ ಏಳು ತಿಂಗಳು ತುಂಬಿದೆ. ಏಪ್ರಿಲ್ ಹದಿಮೂರಕ್ಕೆ ವಳೈಕಾಪು, ನಮ್ಮ ಕಡೆ ಸೀಮಂತ ಅನ್ನುವುದು. ಬಳೆ ತೊಡಿಸಿದ ದಿನವೇ ಮಗಳನ್ನು ತವರಿಗೆ ಕರೆತರಬೇಕು, ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು.

"ಅವಳತ್ತೆ ಮೊದ್ಲೇ ಅಂತಾ ಇರ್ತಾಳೆ, ಆ ಲೈನ್ ಮನೇಲಿ ಬಾಣಂತಿನ ಎಲ್ಲಿ ಮಲಗಿಸ್ತೀರಾ ಅಂತ. ಈಗ ನೆಲಾನೇ ಸರಿಯಿಲ್ಲ ಅಂದ್ರೆ ಕಳಿಸ್ತಾಳಾ ಅವಳು? ಅಮ್ಮ ಇದ್ದೂ ಮಗಳು ಅತ್ತೆ ಮನೇಲಿ ಎರೋದಾ?"

"ನೆಲ ಬಿದ್ರೆ?" ಅಂದ ಸೆಲ್ವರಾಜ್. ಅಷ್ಟೇ.

ಪುಷ್ಪ ಎದ್ದು ಹೋಗುವಾಗ ಮೊಲ್ಲೆ ಚಪ್ಪರದ ಕಡೆ ಒಂದು ಸಲ ನೋಡಿದಳು.

ಚಲಪತಿಗೆ ಫೋನ್ ಮಾಡಿ ಹೇಳಿದೆ, ಬರುತ್ತೇನೆ ಅಂತ. ಕಾರಣ ಸಿಕ್ಕಿತು.

ಮಾರ್ಚ್ 22, ಶನಿವಾರ

ಎರಡನೇ ಗಾಜೂ ಒಡೆಯಿತು. ನೀರು ಈಗ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಅಳತೆ ಅಂದಮೇಲೆ ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಆಗಬೇಕು. ಕುಡಿಯುತ್ತಲೇ ಇದೆ. ಉಬ್ಬು ಮೊನ್ನೆಗಿಂತ ಎರಡು ಬೆರಳು ಮೇಲೆ.

ಅಲ್ಲೇ ಕಲ್ಲಿನ ಮೇಲೆ ಕೂತು ನೋಡುತ್ತಿರುತ್ತೇನೆ. ಸುಮ್ಮನೆ ಕೂತರೆ ಕೈ ಕೇಳುವುದಿಲ್ಲ, ಮೊಲ್ಲೆಯ ಒಣಗಿದ ಎಲೆ ಕೀಳುತ್ತಾ ಇದ್ದೆ. ಚಪ್ಪರದ ಕಂಬಗಳು ಹಳೆಯ ಡ್ರಿಲ್ ರಾಡುಗಳು, ಮೇಲೆ ಹೆಣೆದಿರುವುದು ಗಣಿಯ ಹಗ್ಗದ ಬಿಚ್ಚಿದ ಎಳೆ. ನಾನೇ ತಂದುಕೊಟ್ಟದ್ದು, ಮದುವೆಯಾದ ವರ್ಷ. ಊರಲ್ಲಿ ನಮ್ಮಪ್ಪ ತಮಿಳರ ಹುಡುಗಿ ಅಂತ ಬಾಗಿಲು ಹಾಕಿಕೊಂಡಿದ್ದ. ಅವಳು ಬಂದ ವಾರಕ್ಕೆ ಒಂದು ಬಳ್ಳಿ ನೆಟ್ಟಳು.

ಹನ್ನೊಂದು ಗಂಟೆಗೆ ಸುಮಿತಾ ಫೋನ್ ಮಾಡಿದಳು.

"ಮಾಮಾ, ನಿಜವಾಗ್ಲೂ ನೆಲ ಆಡ್ತಾ ಇದೆಯಾ?"

"ಗಾಜು ಒಡೆದಿದೆ ಕಣಮ್ಮ."

"ಗಾಜು ಲೈನ್ ಉಡುಗ್ರ ಕ್ರಿಕೆಟ್ ಬಾಲಿಗೂ ಒಡೀಬೌದಲ್ಲಾ?"

"ಬಾಲಿಗೆ ಒಡೆದರೆ ಚೂರಾಗುತ್ತೆ. ಇದು ಎಳೆದು ಒಡೆದದ್ದು."

ದನಿ ತಗ್ಗಿಸಿ, "ಇಲ್ಲಿ ಎಲ್ಲಾ ಚೆನ್ನಾಗ್ ನೋಡ್ಕೊತಾರೆ ಮಾಮಾ. ಆದ್ರೆ ರಾತ್ರಿ ಕಾಲು ಇಡ್ಕೊಂಡ್ರೆ ಅತ್ತೇನ ಎಬ್ಬಿಸೋಕಾಗತ್ತಾ? ಅಮ್ಮನ್ನ ಎಬ್ಬಿಸ್ಬೌದು" ಅಂದಳು.

ಕಿತ್ತ ಒಣ ಎಲೆಗಳನ್ನು ಒಂದು ಕಡೆ ಗುಡ್ಡೆ ಮಾಡಿದೆ.

"ಮೊಲ್ಲೆ ಬಿಟ್ಟಿದೆಯಾ? ಮರಗದಂ ಅತ್ತೆ ಏಳಿದ್ರು, ನನ್ನ ವಳೈಕಾಪುಗೆ ಅವರ ಚಪ್ಪರದ ಊವೇ ಅಂತ. ನೋಡಿ ಏಳಿ ಮಾಮಾ."

ಫೋನು ಕಿವಿಗಿಟ್ಟುಕೊಂಡೇ ಚಪ್ಪರದೊಳಗೆ ತಲೆ ಹಾಕಿ ನೋಡಿದೆ. ಉತ್ತರದ ಕಡೆ ಮೊಗ್ಗು ಗೊಂಚಲು ಗೊಂಚಲು. ದಕ್ಷಿಣಕ್ಕೆ ಕಡಿಮೆ, ಬೇವಿನ ನೆರಳು ಬೀಳುತ್ತದೆ. ಮೂರು ಅರಳಿವೆ. ಕೆಳಗೆ ಕನಕಾಂಬರವೂ ಇದೆ, ನಂದಿಬಟ್ಟಲೂ ಇದೆ ಅಂದೆ. ಅವಳು ಊಂ ಊಂ ಅನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಬಿರುಕಿಗೆ ಸುರಿದು ಉಳಿದ ನೀರನ್ನು ಕನಕಾಂಬರಕ್ಕೆ ಹಾಕಿದೆ. ಹೇಗೂ ಕೊಡ ಕೈಯಲ್ಲಿತ್ತು.

ಮಾರ್ಚ್ 30, ಭಾನುವಾರ. ಯುಗಾದಿ

ನಮಗೆ ಹಬ್ಬವಿಲ್ಲ. ವರ್ಷ ತುಂಬುವವರೆಗೆ ಸಂಕ್ರಾಂತಿಯೂ ಇಲ್ಲ, ಯುಗಾದಿಯೂ ಇಲ್ಲ. ಲೈನಿನ ಮಕ್ಕಳು ಬಂದು ಬೇವಿನ ಹೂ ಕೇಳಿದರು. ಕಿತ್ತುಕೊಳ್ಳಿ, ಚಪ್ಪರದ ಹತ್ತಿರ ಹೋಗಬೇಡಿ ಅಂದೆ. ಮರಗದಂ ಬಿದ್ದ ಬೇವಿನ ಹೂವನ್ನೂ ಬಿಡುತ್ತಿರಲಿಲ್ಲ, ಹಳೆ ಸೀರೆ ಹಾಸಿ ಹಿಡಿದು ಒಣಗಿಸಿ ಡಬ್ಬಿಗೆ ತುಂಬಿ ಮಳೆಗಾಲದಲ್ಲಿ ಸಾರು ಮಾಡುತ್ತಿದ್ದಳು. ಮಧ್ಯಾಹ್ನ ಒಂದು ಸೀರೆ ಹಾಸಿದ್ದೇನೆ. ಅಂಗಳ ಗುಡಿಸುವುದು ತಪ್ಪುತ್ತದಲ್ಲ ಅಂತ.

ಪುಷ್ಪ ಒಬ್ಬಟ್ಟು ತಂದುಕೊಟ್ಟಳು. ಬಾಗಿಲಲ್ಲೇ ಇಟ್ಟು ಹೋದಳು. ಮೊದಲಾದರೆ ತಿಂದು ಮುಗಿಸುವವರೆಗೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವವಳು. ಶುಕ್ರವಾರ ಬಂಗಾರಪೇಟೆಯವರಿಗೆ ಹೇಳಿಬಿಟ್ಟಿದ್ದಾರಂತೆ: ವಳೈಕಾಪು ಅಲ್ಲೇ, ಆಮೇಲೂ ಹುಡುಗಿ ಅಲ್ಲೇ. ಸುಮಿತಾಳ ಅತ್ತೆ ಶ್ಯಾಮಲಮ್ಮ "ನಾನ್ ಮೊದ್ಲೇ ಏಳ್ಲಿಲ್ವಾ" ಅಂದರಂತೆ. ಇದನ್ನು ಸೆಲ್ವರಾಜ್ ಹೇಳಿದ್ದು.

ಮೂರನೇ ಗಾಜು. ಉಬ್ಬು ಈಗ ಮಗುಚಿದ ಬಾಣಲೆಯಷ್ಟಿದೆ. ನಾಡಿದ್ದು ಚಲಪತಿಯ ಊರಿಗೆ ಹೋಗಿ ಕೋಣೆ ನೋಡಿ ಬರಬೇಕು. ಸಾಮಾನು ಸಾಗಿಸಲು ಹದಿಮೂರಕ್ಕೆ ಗಾಡಿ ತರುತ್ತಾನಂತೆ. ಆ ದಿನವೇ. ಬೇಕೆಂದು ಹೇಳಿದ್ದಲ್ಲ, ಭಾನುವಾರ ಅಂತ ಅವನು ಹೇಳಿದ್ದು.

ಯಾವುದಾದರೂ ಮಗು ಕಾಲು ಹಾಕೀತೆಂದು ಬಿರುಕಿನ ಮೇಲೆ ತಗಡು ಮುಚ್ಚಿ ಕಲ್ಲು ಹೇರಿದ್ದೇನೆ.

ಏಪ್ರಿಲ್ 4. ಚಲಪತಿಯ ಮನೆ

ಕೋಣೆ ಚೆನ್ನಾಗಿದೆ. ಕಿಟಕಿಯಾಚೆ ಕೊಟ್ಟಿಗೆ. ಚಲಪತಿಯ ಹೆಂಡತಿ ವೆಂಕಟರತ್ನಮ್ಮ ಹೊಸ ಚಾಪೆ ಹಾಸಿದ್ದಾಳೆ. "ಬಾವಾ, ಇಲ್ಲಿ ನೆಲ ಎಲ್ಲೂ ಓಗಲ್ಲ, ಹಸುಗಳೇ ಬಿಡಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿ ಬೋರಿನ ನೀರು ಧಾರಾಳ. ತಿರುಗಿಸಿದರೆ ಬರುತ್ತದೆ. ಬೆಳಿಗ್ಗೆ ಹಸು ತೊಳೆದ ನೀರೆಲ್ಲ ಹರಿದು ಚರಂಡಿಗೆ ಹೋಗುವುದನ್ನು ನೋಡುತ್ತಾ ಕೂತೆ. ಎಷ್ಟು ಕೊಡ ಅದು!

"ಏನಣ್ಣಾ, ಅನ್ನ ಉಣ್ಣೋದು ಬಿಟ್ಟು ಚರಂಡಿ ನೋಡ್ತೀಯಲ್ಲ?" ಅಂದ ಚಲಪತಿ.

"ಬಿಸಿಲು ಜಾಸ್ತಿ" ಅಂದೆ.

"ಜಾಸ್ತಿ ಆದ್ರೆ?"

"ಏನಿಲ್ಲ. ಮೊಗ್ಗು ಉದುರುತ್ತೆ."

ಅವನು ಹೆಂಡತಿಯ ಮುಖ ನೋಡಿದ.

ನಿದ್ದೆ ಸರಿಯಿಲ್ಲ. ಇಲ್ಲಿಯ ನೆಲಕ್ಕೆ ಸದ್ದೇ ಇಲ್ಲ. ಕೆಜಿಎಫ್‌ನಲ್ಲಿ ಮೊದಲು ಏರ್‌ಬ್ಲಾಸ್ಟ್ ಆದರೆ, ಭೂಮಿಯೊಳಗೆ ಬಂಡೆ ಸಿಡಿದರೆ, ಅಡುಗೆಮನೆಯ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಮರಗದಂ ನಿದ್ದೆಯಲ್ಲೇ ಕೈಚಾಚಿ ನಾನು ಮನೆಯಲ್ಲಿದ್ದೇನೋ, ಶಿಫ್ಟಿನಲ್ಲಿದ್ದೇನೋ ಅಂತ ಮುಟ್ಟಿ ನೋಡಿ ಮತ್ತೆ ಮಲಗುತ್ತಿದ್ದಳು.

ಸತ್ತಿಲ್ಲ, ಆದರೆ ಎದ್ದೂ ಇಲ್ಲ, ಅದಕ್ಕೊಂದು ಪದ ಇದೆ ಇಂಗ್ಲಿಷಿನಲ್ಲಿ. ಡಾರ್ಮಿಟರಿ ಅಲ್ಲ. ಅದರ ಪಕ್ಕದ್ದು.

ಏಪ್ರಿಲ್ 8, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ.

ಬಂಗಾರಪೇಟೆಯಿಂದ ಬಸ್ಸಿನಲ್ಲಿ ರಾಬರ್ಟ್‌ಸನ್‌ಪೇಟೆಗೆ, ಅಲ್ಲಿಂದ ಆಟೋ. ಲೈನಿನ ತಿರುವಿನಲ್ಲೇ ಆಟೋದವನು ಮೂಗು ಮುಚ್ಚಿಕೊಂಡ. "ಏನ್ ಸಾರ್, ದನ ಗಿನ ಸತ್ತದಾ?" ಅಂದ. ನಮ್ಮ ಮನೆ ಹತ್ತಿರವಾದಷ್ಟೂ ನಾತ. ಬೇಲಿಯ ಹತ್ತಿರ ನಾಲ್ಕೈದು ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಪುಷ್ಪ ಮುಂದೆ ಬಂದಳು.

"ಅಣ್ಣಾ, ನಿಮ್ ನೆಲದೊಳಗೆ ಏನೋ ಸತ್ತೋಗದೆ! ನಿನ್ನೆಯಿಂದ ಯಾರೂ ಅನ್ನ ಉಂಡಿಲ್ಲ."

ಮುಚ್ಚಿಹೋದ ಗಣಿಯ ಗಾಳಿ ಮೇಲೆ ಬಂದಿದೆ, ಮುಗಿಯಿತು ಅಂದುಕೊಂಡೆ. ಎಲ್ಲರನ್ನೂ ದೂರ ನಿಲ್ಲಿಸಿ ಒಂದು ಮೇಣದ ಬತ್ತಿ ಹಚ್ಚಿ ನೆಲದ ಹತ್ತಿರ ಹಿಡಿದುಕೊಂಡು ಹೋದೆ. ಕೆಟ್ಟ ಗಾಳಿ ಇದ್ದರೆ ದೀಪ ಕುಗ್ಗಬೇಕು. ಕುಗ್ಗಲಿಲ್ಲ. ಆದರೆ ತಗಡು ಒಂದು ಮೊಳ ಮೇಲೆದ್ದು ವಾಲಿತ್ತು. ನಾನು ಹೇರಿದ್ದ ಕಲ್ಲುಗಳನ್ನು ಏನೋ ಪಕ್ಕಕ್ಕೆ ತಳ್ಳಿತ್ತು.

ತಗಡು ಎತ್ತಿದೆ.

ಐ ವಾಸ್ ಟೇಕನ್ ಅಬ್ಯಾಕ್. ಕಾಲೇಜಿನಲ್ಲಿ ಕಲಿತ ಈ ವಾಕ್ಯಕ್ಕೆ ಇಷ್ಟು ವರ್ಷದಲ್ಲಿ ಇದೇ ಮೊದಲು ಕೆಲಸ ಸಿಕ್ಕಿದ್ದು.

ಕಾಂಡವಿಲ್ಲ, ಎಲೆಯಿಲ್ಲ. ನೆಲದಿಂದ ನೇರವಾಗಿ ಒಂದು ಮೊರದಗಲದ ಹೂವು. ಹೂವು ಅನ್ನಬೇಕೋ ಬೇಡವೋ. ಅಂಚು ನೆರಿಗೆಲಂಗದ ಹಾಗೆ, ಬಣ್ಣ ಕೊಳೆತ ಬದನೆಕಾಯಿ. ನಡುವೆ ರಾಗಿಮುದ್ದೆಯಷ್ಟು ದೊಡ್ಡ ಗುಂಡು, ಸುರುಳಿ ಸುರುಳಿ, ಮೆದುಳಿನ ಹಾಗೆ. ಅದರ ಮೇಲೆಲ್ಲ ನೊಣ. ನಾತ ಬರುತ್ತಿದ್ದದ್ದು ಅದರೊಳಗಿಂದ. ನನ್ನ ಮೂರನೇ ಗಾಜಿನ ಚೂರೊಂದು ಅಂಚಿನ ನೆರಿಗೆಯಲ್ಲಿ ಸಿಕ್ಕಿ ಹೊಳೆಯುತ್ತಿತ್ತು.

ಪುಷ್ಪ ಯಾವಾಗ ನನ್ನ ಹಿಂದೆ ಬಂದು ನಿಂತಳೋ. ಇಣುಕಿ ನೋಡಿದಳು. ಸೆರಗು ಬಾಯಿಂದ ಜಾರಿತು.

"ಅಣ್ಣಾ... ಇದು ಅಕ್ಕನ ಗಡ್ಡೆ ಅಲ್ವಾ!"

"ಯಾವ ಗಡ್ಡೆ?"

"ಸೇನೈ! ನಿಮ್ ಬಾಷೇಲಿ ಏನಂತೀರಾ, ಸುವರ್ಣಗಡ್ಡೆ. ಪೊಂಗಲ್‌ಗೆ ಅಗೀತಿದ್ರಲ್ಲ ಅಕ್ಕ, ಅದೇ!"

ಅಂದವಳೇ ನಗಲು ಶುರುಮಾಡಿದಳು. ನೆಲಕ್ಕೆ ಕೂತು ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಒರೆಸಿದಷ್ಟೂ ಬರುತ್ತಿತ್ತು.

"ಗಣಿ ಬಾಯ್ ಬಿಡ್ತು ಅಂತ ನನ್ ಮಗಳನ್ನ ಅಲ್ಲೇ 'ಇರು' ಅಂದ್ಬಿಟ್ವಲ್ಲ ಅಣ್ಣಾ! ಒಂದ್ ಗಡ್ಡೇಗಾ! ಒಂದ್ ದಿನ ಅತ್ರ ಬಿಟ್ಟಿದ್ರೆ ನಾನ್ ಏಳ್ತಿರ್ಲಿಲ್ವಾ? ಬರಬೇಡ ಬರಬೇಡ ಅಂತ ದೂರಾನೇ ನಿಲ್ಲಿಸಿದ್ರಿ!"

ಅವಳೇ ಹೇಳಿದಳು. ಪ್ರತಿ ಪೊಂಗಲಿಗೂ ಮರಗದಂ ಅದನ್ನು ಅಗೆದು, ಹುಣಸೆ ನೀರಿನಲ್ಲಿ ನೆನೆಹಾಕಿ ಕೆರೆತ ತೆಗೆದು ಗೊಜ್ಜು ಮಾಡುತ್ತಿದ್ದಳು. ಒಂದು ತುಂಡು ಮತ್ತೆ ನೆಡುತ್ತಿದ್ದಳು. ಹೋದ ವರ್ಷ ಅಗೆಯಲಿಲ್ಲ. "ಇರ್ಲಿ ಬಿಡು ಪುಷ್ಪಾ, ಇನ್ನೂ ದಪ್ಪ ಆಗ್ಲಿ, ಮುಂದಿನ್ ಪೊಂಗಲ್‌ಗೆ ಸುಮಿತಾ ಗಂಡ ಬತ್ತಾನಲ್ಲ, ಮೊದಲನೇ ಪೊಂಗಲ್, ಅವತ್ತು ಅಗೆಯೋಣ" ಅಂದಿದ್ದಳಂತೆ.

ಈ ಪೊಂಗಲಿಗೆ ಅವಳೇ ಇರಲಿಲ್ಲ. ಪೊಂಗಲ್ಲೂ ಇರಲಿಲ್ಲ. ಯಾರು ಅಗೆಯುತ್ತಾರೆ?

ಅದು ಇದ್ದಲ್ಲೇ ಇತ್ತು. ಎರಡು ಹೊತ್ತು ನೀರು ಸುರಿದವನು ನಾನು.

ಏಪ್ರಿಲ್ 9

ಮದುವೆಯಾದಾಗಿನಿಂದ ಪೊಂಗಲ್ ಪೊಂಗಲಿಗೂ ತಿಂದಿದ್ದೇನೆ. ಎಲ್ಲಿಂದ ಬರುತ್ತದೆ ಅಂತ ಒಂದು ಸಲ ಕೇಳಿಲ್ಲ. ಅಂಗಡಿಯದ್ದು ಅಂದುಕೊಂಡಿದ್ದೆ. ಹೂ ಬಿಡುತ್ತದೆ ಅಂತ ಗೊತ್ತಾಗಲು ದಾರಿಯೇ ಇರಲಿಲ್ಲ. ಹೂ ಬಿಡುವ ಮೊದಲೇ ಪ್ರತಿ ವರ್ಷ ಅವಳು ಅಗೆದುಬಿಡುತ್ತಿದ್ದಳು. ಹೋದ ವರ್ಷ ಅಗೆಯದೆ ಬಿಟ್ಟದ್ದು ಇನ್ನೂ ಸಣ್ಣದಿತ್ತಂತೆ, ಬರೀ ಎಲೆ ಬಂತಂತೆ.

ಲೈನಿನಲ್ಲಿ ಸುದ್ದಿ ಹಬ್ಬಿದೆ. ನಲ್ಲಿಯ ಹತ್ತಿರ ಒಬ್ಬ, "ಮೇಸ್ತ್ರೀ, ನಮ್ ಮನೇಲಿ ಆಲೂಗಡ್ಡೆ ಮೊಳಕೆ ಒಡೆದದೆ, ಮನೆ ಖಾಲಿ ಮಾಡೋಣ್ವಾ?" ಅಂದ. ನಗಲಿ. ಸೆಲ್ವರಾಜ್ ಮಾತ್ರ ನಗಲಿಲ್ಲ. "ಇನ್ನೊಂದ್ ಸಲ ನೀವ್ ಓಡಿ ಅಂದ್ರೂ ಓಡ್ತೀನಿ ಅಣ್ಣಾ" ಅಂದ. ಅದು ನಗುವುದಕ್ಕಿಂತ ಭಾರವಾಗಿತ್ತು.

ಬಂಗಾರಪೇಟೆಗೆ ನಾನೇ ಫೋನ್ ಮಾಡಿದೆ. ಶ್ಯಾಮಲಮ್ಮ ಎತ್ತಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅವತ್ತು ನೆಲ ಸರಿಯಿಲ್ಲ ಅಂದೋರೂ ನೀವೇ, ಇವತ್ತು ಗಡ್ಡೆ ಅನ್ನೋರೂ ನೀವೇ. ನಾಳೆ ಇನ್ನೇನಂತೀರೋ? ಇಲ್ಲಿ ರೂಮಿಗೆ ಸುಣ್ಣ ಒಡೆಸಾಯ್ತು."

ಕನ್ನಡದಲ್ಲಿ ಮಾತು ಸಿಗಲಿಲ್ಲ. "ಇಟ್ ಈಸ್ ಹೈಲಿ ರಿಗ್ರೆಟೆಡ್, ಮೇಡಂ" ಅಂದೆ.

"ಏನಂದ್ರಿ?"

"ತಪ್ಪು ನನ್ನದು. ಹುಡುಗಿಯದ್ದಲ್ಲ, ಅವರಮ್ಮನದ್ದೂ ಅಲ್ಲ. ನೀವೇ ಬಂದು ನೋಡಿ. ಆಮೇಲೆ ನಿಮ್ಮಿಷ್ಟ."

ಪಕ್ಕದಿಂದ ಸುಮಿತಾಳ ದನಿ ಕೇಳಿಸಿತು, ಏನೆಂದು ತಿಳಿಯಲಿಲ್ಲ. ಫೋನು ಕಟ್ಟಾಯಿತು.

ಏಪ್ರಿಲ್ 11, ಶುಕ್ರವಾರ

ಬಂದಿದ್ದರು. ಹೂವು ಬಾಡಿ, ಮಳೆಯಲ್ಲಿ ಮುರಿದ ಕೊಡೆಯ ಹಾಗೆ ಒಂದು ಕಡೆಗೆ ಬಿದ್ದಿದೆ. ನಾತ ನಿನ್ನೆಗೇ ಹೋಯಿತು. ಮೂರು ದಿನದ ಗಲಾಟೆ ಅಷ್ಟೇ ಅದರದ್ದು.

ಶ್ಯಾಮಲಮ್ಮ ನನ್ನನ್ನೂ ನೋಡಲಿಲ್ಲ, ಪುಷ್ಪಳನ್ನೂ ನೋಡಲಿಲ್ಲ. ನೇರ ಚಪ್ಪರಕ್ಕೆ ಹೋದರು. ನಾನು ಕೈಯಿಂದ ಮಣ್ಣು ಸರಿಸಿ ಗಡ್ಡೆಯ ನೆತ್ತಿ ತೋರಿಸಿದೆ, ಬೇರು ತೋರಿಸಿದೆ, ಸುತ್ತಲಿನ ಗಟ್ಟಿ ನೆಲವನ್ನು ಗುದ್ದಲಿ ಹಿಡಿಯಿಂದ ಬಡಿದು ಸದ್ದು ಕೇಳಿಸಿದೆ. ಟೊಳ್ಳಾದರೆ ಡಬ್ ಅನ್ನುತ್ತದೆ, ಇದು ಟಣ್ ಅನ್ನುತ್ತದೆ ಅಂದೆ. ಅವರು ಚಪ್ಪಲಿಯ ತುದಿಯಿಂದ ಮಣ್ಣು ತಳ್ಳಿ ನೋಡಿದರು.

"ನಾನೂ ಕಂದಗಡ್ಡೆ ನೋಡಿದೀನಿ ಬಿಡಿ" ಅಂದರು.

ಪುಷ್ಪಳ ಮನೆಯೊಳಗೆ ಹೋಗಿ ಕಿಟಕಿ ತೆಗೆದು ಮುಚ್ಚಿ ನೋಡಿದರು, ಬಚ್ಚಲು ನೋಡಿದರು. ಕಾಫಿ ಕುಡಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೋಗುವಾಗ ಬೇಲಿಯ ಹತ್ತಿರ ನಿಂತು ಮೊಲ್ಲೆಯ ಕಡೆ ನೋಡಿ, "ಇದಕ್ಕ್ ಯಾರು ನೀರಾಕ್ತಾರೆ?" ಅಂದರು.

"ನಾನೇ" ಅಂದೆ.

ಏಪ್ರಿಲ್ 13, ಭಾನುವಾರ

ನಿನ್ನೆ ಮಧ್ಯಾಹ್ನವೇ ಮೊಗ್ಗು ಬಿಡಿಸಿದೆ. ಸಂಜೆ ಬಿಡಿಸಿದರೆ ಅರಳಿಬಿಡುತ್ತದೆ. ಕಟ್ಟಲು ಪುಷ್ಪ ಒಂದು ಗಂಟು ಹೇಳಿಕೊಟ್ಟಳು. ನನ್ನ ಬೆರಳಿಗೆ ಕಬ್ಬಿಣದ ತಂತಿ ಕಟ್ಟಿ ಗೊತ್ತು, ದಾರ ಗೊತ್ತಿಲ್ಲ. ಮೊದಲ ಮೊಳದಲ್ಲಿ ಅರ್ಧ ಮೊಗ್ಗಿಗೆ ಕತ್ತು ಮುರಿಯಿತು. "ಮೆಲ್ಲಗೆ ಅಣ್ಣಾ, ಸೂರು ನಿಲ್ಲಿಸ್ತಾ ಇಲ್ಲ ನೀವು" ಅಂದಳು. ಒಟ್ಟು ನಾಲ್ಕು ಮೊಳವಾಯಿತು. ಸೂತಕದ ಮನೆಯ ಹೂವು, ವರ್ಷವಾಗಿಲ್ಲ, ಯಾರಾದರೂ ಏನಾದರೂ ಅಂದರೆ ಅಂತ ಕೇಳಿದೆ. "ಯಾರು ಅಂತಾರೋ ಅನ್ಲಿ, ನಾನ್ ನೋಡ್ಕೊತೀನಿ. ಅಕ್ಕ ಕೊಡ್ತೀನಿ ಅಂದ ಊವದು. ಅದಕ್ಕೆಂತಾ ಸೂತಕ?" ಅಂದು ಬಾಳೆಲೆಯಲ್ಲಿ ಸುತ್ತಿ ಬೆಳಿಗ್ಗೆ ತೆಗೆದುಕೊಂಡು ಹೋದಳು. ತನ್ನ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟಳು. ಮಂಚಕ್ಕೆ ಹೊಸ ಹಾಸಿಗೆ ಹಾಸಿಟ್ಟಿದ್ದಳು. "ಕಳಿಸ್ತಾರೋ ಇಲ್ವೋ" ಅಂದಳು. ನಾನು ಶುಭಕಾರ್ಯಕ್ಕೆ ಹೋಗುವಂತಿಲ್ಲ. ಉಳಿದೆ.

ಮಧ್ಯಾಹ್ನ ಚಲಪತಿ ಗಾಡಿ ತಂದ. ಒಳಗೆ ಬಂದು ಸುತ್ತ ನೋಡಿದ. ಒಂದು ಪಾತ್ರೆಯೂ ಮೂಟೆ ಕಟ್ಟಿರಲಿಲ್ಲ.

"ಏನಣ್ಣಾ ಇದು? ಗಾಡಿ ನಿಂತದೆ."

"ನುಗ್ಗೇಕಾಯಿ ಬಿಟ್ಟಿದೆ, ಒಂದು ಕಟ್ಟು ತಗೊಂಡು ಹೋಗು."

"ನುಗ್ಗೇಕಾಯಿಗೆ ಗಾಡಿ ತಂದ್ನಾ ನಾನು? ರತ್ನಮ್ಮ ಚಾಪೆ ಆಸಿ ಕೂತವ್ಳೆ. ಯಾವಾಗ್ ಬತ್ತೀಯಾ, ಯೋಳು."

ಹೂವು ಹೋದ ಮೇಲೆ ಎಲೆ ಬರುತ್ತದಂತೆ, ಒಂದೇ ಎಲೆ, ಕೊಡೆಯ ಹಾಗೆ. ಗಡ್ಡೆಯ ಸತ್ವವನ್ನೆಲ್ಲ ಹೂವು ತಿಂದುಬಿಟ್ಟಿರುತ್ತದೆ, ಎಲೆ ಬಂದು ಮತ್ತೆ ತುಂಬಿಸಬೇಕು. ಪುಷ್ಪ ಹೇಳಿದ್ದು. ಪೊಂಗಲ್ ಹೊತ್ತಿಗೆ ಅಗೆಯಬಹುದು. ಅಷ್ಟರಲ್ಲಿ ವರ್ಷವೂ ತುಂಬಿರುತ್ತದೆ.

"ಎಲೆ ಬರಲಿ, ನೋಡೋಣ" ಅಂದೆ.

ಅವನು ಬಾಗಿಲಿಗೆ ಒರಗಿ ನನ್ನನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. "ಆ ಕಾಯಿ ಎಲ್ಲವೆ, ತೋರ್ಸು" ಅಂದ. ದೋಟಿ ಹಿಡಿದು ಅವನೇ ಕಿತ್ತ. ಖಾಲಿ ಗಾಡಿಯಲ್ಲಿ ಒಂದು ಕಟ್ಟು ನುಗ್ಗೇಕಾಯಿ ಹೇರಿಕೊಂಡು ಹೋದ.

ಆಮೇಲೆ ಇಲ್ಲೇ ಕಲ್ಲಿನ ಮೇಲೆ ಕೂತಿದ್ದೇನೆ. ಬೀಗದ ಕೈ ಜೇಬಿನಲ್ಲಿ. ನಾಲ್ಕು ಗಂಟೆಗೆ ಫೋನ್ ಬಂದೀತು ಅಂದುಕೊಂಡೆ, ಬರಲಿಲ್ಲ. ಐದಕ್ಕೂ ಇಲ್ಲ. ಇಷ್ಟು ಹೊತ್ತಾಯಿತೆಂದರೆ ಕಳಿಸಲಿಲ್ಲ ಅಂತಲೇ. ನೆಲ ಬೀಳುತ್ತದೆ ಅಂತ ಹೇಳುವುದು ಸುಲಭ, ಬೀಳುವುದಿಲ್ಲ ಅಂತ ನಂಬಿಸುವುದು ಹೇಗೆ? ಇಷ್ಟು ವರ್ಷ ರಿಪೋರ್ಟು ಬರೆದೆ, ಒಂದನ್ನೂ ಹಿಂದಕ್ಕೆ ತೆಗೆದುಕೊಂಡವನಲ್ಲ.

ಹೀಗೆ ಬರೆಯುತ್ತಿರುವಾಗಲೇ ಫೋನ್ ಬಂತು. ಸುತ್ತ ಗಲಾಟೆ, ಬಳೆಗಳ ಸದ್ದು, ಪುಷ್ಪ ಕೂಗಿಕೊಂಡೇ ಮಾತಾಡಿದಳು. "ಅಣ್ಣಾ, ಕಾರಲ್ಲಿ ಕೂತ್ವಿ! ಬಾಗಿಲು ತೆಗೆದು ದೀಪ ಆಕಿ, ಅವಳ ಅತ್ತೇನೂ ಬತ್ತಾ ಇದಾರೆ, ಒಂದ್ ರಾತ್ರಿ ಮಲಗಿ ನೋಡ್ತಾರಂತೆ ನೆಲಾನ." ಹಿಂದಿನಿಂದ ಸುಮಿತಾಳ ದನಿ: "ಮಾಮಾ, ಆ ಊವು ಬಿಸಾಕ್ಬೇಡಿ, ನಾನ್ ನೋಡ್ಬೇಕು!"

ಬಿಸಾಡಿಲ್ಲ. ಇಲ್ಲೇ ಬಿದ್ದಿದೆ, ಕಪ್ಪಗೆ, ಒಳ್ಳೆಯ ಮುಖವೇನೂ ಇಲ್ಲ. ಅದರ ಬುಡದಲ್ಲಿ ಮಣ್ಣು ಮತ್ತೆ ಒಂದಿಷ್ಟು ಸರಿದ ಹಾಗಿದೆ. ಅಥವಾ ನನ್ನ ಕಣ್ಣೋ. ಗ್ರೌಂಡ್ ಕಂಡಿಷನ್ ಅಂತ ಬರೆಯಲು ಹೋದೆ, ಮುಂದಿನ ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಪುಷ್ಪಳ ಬಾಗಿಲು ತೆಗೆಯಬೇಕು, ದೀಪ ಹಾಕಬೇಕು. ಮೊಲ್ಲೆಗೆ ಇನ್ನೂ ನೀರು ಹಾಕಿಲ್ಲ.